ಕ್ಯಾಮೆರಾದವನು ‘ಆಯ್ತು’ ಅನ್ನುವ ತನಕ

ನಮ್ಮ ಕಡೆ ಯಾವ ಕಾರ್ಯಕ್ರಮವೂ ಕ್ಯಾಮೆರಾದವನು ‘ಆಯ್ತು’ ಅನ್ನುವ ತನಕ ಮುಗಿಯುವುದಿಲ್ಲ. ಪೂಜಾರಿಯ ಮಂತ್ರ ಮುಗಿದಿರುತ್ತದೆ, ಒಡೆದ ತೆಂಗಿನಕಾಯಿಯ ನೀರು ನೆಲದಲ್ಲಿ ಇಂಗಿರುತ್ತದೆ, ಆದರೂ ನಾಯಕರ ಕೈ ಗಾಳಿಯಲ್ಲೇ ನಿಂತಿರುತ್ತದೆ. ನಾನು ಕ್ಯಾಮೆರಾದಿಂದ ಕಣ್ಣು ತೆಗೆದು ಆ ಒಂದು ಮಾತು ಹೇಳಬೇಕು. ಹೇಳಿದ ಕೂಡಲೇ ಕೈ ಇಳಿಯುತ್ತದೆ, ಅದರ ಹಿಂದೆಯೇ ನಗುವೂ ಇಳಿಯುತ್ತದೆ.

ಕರ್ನಾಟಕದ ಗಡಿಗೆ ಅಂಟಿದ ತೆಲಂಗಾಣದ ಊರು ನಮ್ಮ ಮಕ್ತಲ್. ಅಲ್ಲಿಯ ದವಾಖಾನೆಯಲ್ಲಿ ಒಮ್ಮೆ ಹಣ್ಣು ಹಂಚುವ ಕಾರ್ಯಕ್ರಮವಿತ್ತು. ಏಳೆಂಟು ಜನ ಸೇರಿ ಒಂದು ಬಾಳೆಹಣ್ಣನ್ನು ಒಬ್ಬ ಮುದುಕನ ಕೈಗೆ ಕೊಟ್ಟರು. ಪಾಪ, ಅವನು ಹಸಿದಿದ್ದ; ಸುಲಿಯಲು ಹೋದ. ‘ತಾತಾ, ತಡಿ, ಫೋಟೋ ಆಗ್ಲಿ’ ಎಂದು ಎಲ್ಲರೂ ಒಟ್ಟಿಗೆ ಗದರಿದರು. ಫೋಟೋ ಆಯಿತು. ಹಣ್ಣು ಪಕ್ಕದ ಹಾಸಿಗೆಗೆ ಹೋಯಿತು, ಅಲ್ಲಿಂದ ಅದರ ಪಕ್ಕದ್ದಕ್ಕೆ. ‘ರೋಗಿಗಳಿಗೆ ಹಣ್ಣು ವಿತರಣೆ’ ಎಂದು ಸುದ್ದಿ ಬರೆದವನು ನಾನೇ. ವಿತರಣೆ ಆದದ್ದು ನಿಜ. ಯಾರಾದರೂ ತಿಂದರೋ ಇಲ್ಲವೋ ಎಂಬುದು ನಮ್ಮ ಜಿಲ್ಲಾ ಪುಟದ ವ್ಯಾಪ್ತಿಗೆ ಬರುವುದಿಲ್ಲ.

ಮಕ್ತಲ್ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನನ್ನ ಸ್ಟುಡಿಯೋ ಇದೆ. ಒಂದು ನೀಲಿ ಪರದೆ, ಒಂದು ಸ್ಟೂಲು, ತಲೆ ಬಾಚಿಕೊಳ್ಳಲು ಒಂದು ಕನ್ನಡಿ. ಕರೆ ಬಂದಾಗ ಗದ್ವಾಲಕ್ಕೆ ಹೋಗಿ ಸೀರೆ ವ್ಯಾಪಾರಿಗಳಿಗೆ ಹೊಸ ಸೀರೆಗಳ ಚಿತ್ರ ತೆಗೆದುಕೊಡುತ್ತೇನೆ. ಉಳಿದ ಹೊತ್ತಿನಲ್ಲಿ ಒಂದು ತೆಲುಗು ದಿನಪತ್ರಿಕೆಯ ವರದಿಗಾರ. ವರದಿಗಾರ ಅನ್ನುವುದು ನಾವು ಬೈಕಿನ ಮೇಲೆ ಬರೆಸಿಕೊಳ್ಳುವ ಮಾತು; ಜಿಲ್ಲಾ ಕೇಂದ್ರ ನಾರಾಯಣಪೇಟೆಯ ಕಚೇರಿಯಲ್ಲಿ ನಮಗೆ ಕಂಟ್ರಿಬ್ಯೂಟರ್ ಎನ್ನುತ್ತಾರೆ. ಸ್ವಂತ ಪೆಟ್ರೋಲು ಸುಟ್ಟು ಪತ್ರಿಕೆಗೆ ಸುದ್ದಿ ದಾನ ಮಾಡುವವನು ಎಂದು ಅದರ ಅರ್ಥ. ಜಗಳ ಕನ್ನಡದಲ್ಲಿ ಕೇಳಿಸಿಕೊಂಡು, ಪೊಲೀಸರಿಂದ ಅರ್ಧ ಉರ್ದುವಿನಲ್ಲಿ ತಿಳಿದುಕೊಂಡು, ತೆಲುಗಿನಲ್ಲಿ ಬರೆಯುತ್ತೇನೆ. ಅಷ್ಟರಲ್ಲಿ ಜಗಳದವರು ರಾಜಿಯಾಗಿರುತ್ತಾರೆ.

ಹೊರಗಿನವರು ನೋಡಿದರೆ ನಾವು ಐದು ಪತ್ರಿಕೆಯವರು ಐದು ಪೈಪೋಟಿಗಾರರು. ನಮ್ಮೊಳಗೆ ಒಂದು ವಾಟ್ಸಾಪ್ ಗ್ರೂಪು, ಬೇರೆಯದೇ ಕಟ್ಟಳೆ ಇದೆ. ಯಾರಾದರೂ ಒಬ್ಬ ‘ಬಂತು, ಗ್ರೂಪಿಗೆ ಹಾಕ್ತೀನಿ’ ಎಂದರೆ ಉಳಿದವರು ಕ್ಯಾಮೆರಾ ಇಳಿಸಿ ಉಪ್ಪಿಟ್ಟಿನ ಕಡೆಗೆ ಹೋಗಬಹುದು. ಮಾರನೆಯ ದಿನ ಐದೂ ಪತ್ರಿಕೆಗಳಲ್ಲಿ ಅದೇ ಚಿತ್ರ, ಅದೇ ವಾಕ್ಯ, ಆ ವಾಕ್ಯದಲ್ಲಿ ಅದೇ ತಪ್ಪು. ಓದುಗರು ಮಾತ್ರ ಒಂದು ಸತ್ಯಕ್ಕೆ ಐದು ಸಾಕ್ಷಿ ಸಿಕ್ಕವು ಎಂದುಕೊಳ್ಳುತ್ತಾರೆ. ಈ ಕಟ್ಟಳೆಯನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಅದಕ್ಕೇ ಇರಬೇಕು, ಅಂದಿನ ತನಕ ಯಾರೂ ಮುರಿದಿರಲಿಲ್ಲ.

ಮುರಿದದ್ದು ಮಾಗನೂರು ಕಡೆಯ ಒಂದು ಹಳ್ಳದ ಸೇತುವೆಯ ಉದ್ಘಾಟನೆಯಲ್ಲಿ.

ಆ ಸೇತುವೆ ಬೇಸಿಗೆಯಲ್ಲೇ ತಯಾರಾಗಿತ್ತು. ಉದ್ಘಾಟನೆಗೆ ಮೊದಲೇ ಜನ ಓಡಾಡಿದರೆ ಹೊಸ ಸೇತುವೆ ಹಳತಾದೀತು ಎಂಬ ಕಾಳಜಿಯಿಂದ ಎರಡೂ ತುದಿಗೆ ಜಾಲಿ ಮುಳ್ಳು ಒಟ್ಟಿದ್ದರು. ಊರಿನವರು ಪಕ್ಕದಲ್ಲೇ ಹಳ್ಳಕ್ಕೆ ಮಣ್ಣು ತುಂಬಿ ಮಾಡಿದ್ದ ದಾರಿಯಲ್ಲಿ, ಸೇತುವೆಯನ್ನು ಕಣ್ತುಂಬ ನೋಡುತ್ತಾ ಮಳೆಗಾಲದ ತನಕ ತಿರುಗಾಡಿದರು. ಉದ್ಘಾಟನೆಯ ಹಿಂದಿನ ದಿನ ಬಂದ ಮಳೆಗೆ ಆ ಮಣ್ಣಿನ ದಾರಿ ಕೊಚ್ಚಿಹೋಯಿತು. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಆ ಬೆಳಿಗ್ಗೆ ಊರಿನಿಂದ ಹೊರಗೆ ಬರಲು ಇದ್ದದ್ದು ಸೇತುವೆಯೊಂದೇ, ಸೇತುವೆಗೆ ಅಡ್ಡ ಇದ್ದದ್ದು ಒಂದು ಕೆಂಪು ರಿಬ್ಬನ್ನು. ಮುಳ್ಳನ್ನು ಎಳೆದು ಬದಿಗೆ ಹಾಕಿದ್ದರು. ರಿಬ್ಬನ್ನು ಮುಳ್ಳಿಗಿಂತ ಗಟ್ಟಿ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನಾನು ಹಿರಿಯ ವರದಿಗಾರನೊಬ್ಬನ ಬೈಕಿನಲ್ಲಿ ಹೋಗಿದ್ದೆ. ನಾರಾಯಣಪೇಟೆಯವನು, ದೊಡ್ಡ ಪತ್ರಿಕೆಯವನು. ನಾವೆಲ್ಲ ಅವನನ್ನು ಅಣ್ಣ ಎನ್ನುತ್ತೇವೆ. ಇಳಿದ ಕೂಡಲೇ ಅವನು ಶಾಮಿಯಾನದ ಕಡೆ ಮೂಗು ಎತ್ತಿ ನೋಡಿ, ‘ನನ್ನ ಬ್ಯಾಟರಿ ಇಳದೈತಿ. ನೀ ತೆಗಿ, ಗ್ರೂಪಿಗೆ ಹಾಕು’ ಎಂದ. ಉಳಿದವರೂ ಅದನ್ನು ಕೇಳಿಸಿಕೊಂಡು ಕುರ್ಚಿ ಹುಡುಕಿಕೊಂಡರು. ಹೀಗೆ ಆ ಸೇತುವೆಯ ಇಡೀ ಚರಿತ್ರೆ ನನ್ನ ಕೊರಳಿಗೆ ಬಿತ್ತು.

ನಾಯಕರು ಬಂದರು. ಹಿಂದೆ ಕಾರುಗಳು ಬಂದು ಆ ಸಣ್ಣ ದಾರಿಯಲ್ಲಿ ಒಂದಕ್ಕೊಂದು ಅಂಟಿ ನಿಂತವು. ಎರಡೂ ಕಡೆ ಕೆಸರುಗದ್ದೆ. ಎಲ್ಲವನ್ನೂ ನಡೆಸುತ್ತಿದ್ದವನು ನಾಯಕರ ಅನುಚರನೊಬ್ಬ. ಅಲ್ಲಿದ್ದ ಬಿಳಿ ಅಂಗಿಗಳಲ್ಲೆಲ್ಲ ಅವನದೇ ಹೆಚ್ಚು ಬಿಳಿ. ಕತ್ತರಿಯನ್ನು ತಟ್ಟೆಯಲ್ಲಿಟ್ಟು ಕೊಟ್ಟ. ನಾಯಕರು ಕತ್ತರಿಸಿದರು. ಸರಿಯಾಗಿ ಆ ಕ್ಷಣಕ್ಕೆ ಯಾರದೋ ತಲೆ ಅವರ ಮುಖಕ್ಕೆ ಅಡ್ಡ ಬಂತು. ‘ಸಾರ್, ಇನ್ನೊಮ್ಮೆ’ ಎಂದೆ. ಅದು ನಾವು ದಿನಾ ಹೇಳುವ ಮಾತು. ರಿಬ್ಬನ್ನಿಗೆ ಗಂಟು ಹಾಕಿ ಮತ್ತೆ ಕಟ್ಟಲು ಶುರು ಮಾಡಿದರು.

ಆಗ ಆಚೆ ದಡದಿಂದ ಟ್ರಾಕ್ಟರ್ ಬಂತು.

ಹಿಂದಿನ ಟ್ರಾಲಿಯಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ಕೌದಿ ಹಾಸಿ, ಒಬ್ಬ ಹೆಣ್ಣುಮಗಳನ್ನು ಮಲಗಿಸಿದ್ದರು. ಓಡಿಸುತ್ತಿದ್ದವನು ಅವಳ ಗಂಡ. ಅವನು ಒಂದೇ ಒಂದು ಸಲ ಹಾರ್ನ್ ಒತ್ತಿದ. ಬಿಳಿ ಅಂಗಿಗಳೆಲ್ಲ ಒಟ್ಟಿಗೆ ತಿರುಗಿ ನೋಡಿದ್ದಕ್ಕೆ ಕೈ ತೆಗೆದ. ಅವನ ತಾಯಿ ಮಾತ್ರ ಟ್ರಾಲಿಯಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೇತುವೆಯ ಮೇಲೆ ನಡೆದು ರಿಬ್ಬನ್ನಿನ ತನಕ ಬಂದಳು.

‘ಯಪ್ಪಾ, ದಾರಿ ಬಿಡ್ರಿ. ಸೊಸಿಗೆ ಬ್ಯಾನಿ ಬಂದಾವ. ನಸುಕಿನಿಂದ ಒದ್ದಾಡಾಕತ್ತಾಳ. ಮಕ್ತಲ್ ದವಾಖಾನಿಗೆ ಮುಟ್ಟಸ್ಬೇಕು.’

‘ಆಯ್ತಮ್ಮಾ, ಎರಡ ನಿಮಿಷ’ ಎಂದ ಅನುಚರ, ಬಹಳ ವಿನಯದಿಂದ. ‘ಸಾಹೇಬ್ರ ಗಾಡಿ ಒಂದ್ ದಾಟ್ಲಿ.’

‘ಹೊಟ್ಟ್ಯಾಗಿನ ಕೂಸು ನಿನ್ನ ಎರಡ ನಿಮಿಷ ಕೇಳತೈತೇನಪಾ?’

‘ಹಂಗಲ್ಲಮ್ಮಾ. ಹೊಸಾ ಬ್ರಿಡ್ಜು. ಮೊದಲ್ನೇ ಗಾಡಿ ಹೆರಿಗಿ ಗಾಡಿ ಅಂದ್ರ… ಮಂದಿ ಏನರ ಅಂತಾರ.’

‘ಏನಂತಾರ? ನಿಮ್ಮವ್ವ ನಿನ್ನ ಹೆಂಗ ಹಡದ್ಲೋ? ಪಾರ್ಸಲ್‌ನ್ಯಾಗ ಬಂದಿಯೇನು?’

ಎಲ್ಲರಿಗೂ ನಗು ಬಂತು. ಎಲ್ಲರೂ ಮೊದಲು ನಾಯಕರ ಮುಖ ನೋಡಿದರು. ಅವರು ನಕ್ಕ ಮೇಲೆ ತಾವೂ ನಕ್ಕರು. ನಾನು ನೋಡಿದ್ದನ್ನು ನೋಡಿದ ಹಾಗೆಯೇ ಹೇಳಬೇಕು: ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಬಿಡುವುದಿಲ್ಲ ಎಂದು ಒಬ್ಬನೂ ಹೇಳಲಿಲ್ಲ. ನಾಯಕರು ಸ್ವತಃ, ‘ಪಾಪಂ, ತೊಂದರಗಾ ಕಾನಿವ್ವಂಡಿ, ಜಲ್ದಿ ಮುಗಸ್ರಿ’ ಎಂದು ಎರಡು ಭಾಷೆಯಲ್ಲಿ ಮರುಗಿದರು. ಯಾರೋ ಮುದುಕಿಗೆ ನೀರಿನ ಬಾಟಲಿ ಕೊಟ್ಟರು. ಒಬ್ಬ ಕುರ್ಚಿಯನ್ನೂ ತಂದ. ಕುರ್ಚಿ, ನೀರು, ಮರುಕ, ಎಲ್ಲ ಸಿಕ್ಕವು. ದಾರಿಯೊಂದು ಬಿಟ್ಟು. ಜಲ್ದಿ ಮುಗಿಸಬೇಕಾದರೆ ಇದ್ದ ಉಪಾಯ ಒಂದೇ, ಫೋಟೋ ಚೆನ್ನಾಗಿ ಬರಬೇಕು.

ನಾನು ಕ್ಯಾಮೆರಾ ಎತ್ತಿದೆ. ದೂರದ್ದನ್ನು ಹತ್ತಿರ ತರುವ ಲೆನ್ಸು ಅದು. ನಾಯಕರ ಭುಜದ ಮೇಲಿಂದ ಟ್ರಾಲಿ ಕಾಣಿಸಿತು. ಟ್ರಾಲಿಯ ಬಾಗಿಲಿಗೆ ಕಬ್ಬಿಣದ ಸರಪಳಿ ಇತ್ತು. ಆ ಹೆಣ್ಣುಮಗಳು ಅದನ್ನು ಹಿಡಿದುಕೊಂಡಿದ್ದಳು. ಮುಂಗೈ ತುಂಬ ಹಸಿರು ಬಳೆ. ಬೇನೆ ಬಂದಾಗ ಸರಪಳಿ ಬಿಗಿದು ಗೆರೆಯಂತಾಗುತ್ತಿತ್ತು, ಬೇನೆ ಹೋದಾಗ ಸಡಿಲಾಗಿ ಜೋಲುತ್ತಿತ್ತು. ಒಮ್ಮೆ ಬಿಗಿದದ್ದು ಸಡಿಲಾಗಲೇ ಇಲ್ಲ. ಕೂಗು ಕೇಳಿಸಲಿಲ್ಲ. ಮಂದಿಯ ಮುಂದೆ ಕೂಗಬಾರದೆಂದು ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅದನ್ನು ನೋಡಿದವನು ನಾನೊಬ್ಬನೇ, ಏಕೆಂದರೆ ಉಳಿದವರೆಲ್ಲ ಕ್ಯಾಮೆರಾವನ್ನು ನೋಡುತ್ತಿದ್ದರು.

ನಾಯಕರು ಮತ್ತೆ ಕತ್ತರಿಸಿದರು. ನಾನು ಒತ್ತುತ್ತಲೇ ಹೋದೆ.

‘ತೋರ್ಸು’ ಎಂದು ಅನುಚರ ಕೈ ಚಾಚಿದ. ಸಾಹೇಬರ ಕಣ್ಣು ಮುಚ್ಚಿದ್ದರೆ ಮತ್ತೊಮ್ಮೆ ಕಟ್ಟಿಸಬೇಕಲ್ಲ. ಕ್ಯಾಮೆರಾ ತಿರುಗಿಸಿ ಮೊದಲು ನಾನೇ ನೋಡಿದೆ. ಪರದೆಯ ಮೇಲೆ ಚಿತ್ರವಿರಲಿಲ್ಲ. ಒಳಗೆ ಮೆಮೊರಿ ಕಾರ್ಡ್ ಇಲ್ಲ ಎಂದು ಬರೆದಿತ್ತು.

ಹಿಂದಿನ ದಿನ ಗದ್ವಾಲದಲ್ಲಿ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ದಿನವಿಡೀ ಸೀರೆಗಳ ಚಿತ್ರ ತೆಗೆದಿದ್ದೆ. ಸಂಜೆ ಕಾರ್ಡನ್ನು ಅವನ ಕಂಪ್ಯೂಟರಿಗೆ ಹಾಕಿಕೊಟ್ಟು, ಅವನು ತರಿಸಿದ ಚಹಾ ಕುಡಿದು, ಕೊನೆಯ ಬಸ್ಸು ತಪ್ಪೀತೆಂದು ಎದ್ದು ಬಂದಿದ್ದೆ. ಕಾರ್ಡು ಅಲ್ಲೇ ಉಳಿದಿತ್ತು. ನನ್ನದು ಹಳೆಯ ಕ್ಯಾಮೆರಾ. ಒಳಗೆ ಕಾರ್ಡ್ ಇರಲಿ ಬಿಡಲಿ, ಒತ್ತಿದರೆ ನಿಷ್ಠೆಯಿಂದ ಟಕ್ ಎನ್ನುತ್ತದೆ. ಬೆಳಗಿನಿಂದ ಅದು ಹಾಗೆಯೇ ಟಕ್ ಎನ್ನುತ್ತಿತ್ತು, ಅದಕ್ಕೆ ಅಷ್ಟು ಜನ ಹಲ್ಲು ತೋರಿಸುತ್ತಿದ್ದರು.

ನಿಜ ಹೇಳಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಮಕ್ತಲ್‌ನಿಂದ ಇನ್ನೊಂದು ಕ್ಯಾಮೆರಾ ತರಿಸುತ್ತಾರೆ. ಅಲ್ಲಿಯ ತನಕ ರಿಬ್ಬನ್ನು ಕಟ್ಟಿಯೇ ಇರುತ್ತದೆ. ಇದು ಊಹೆಯ ಮಾತಲ್ಲ. ಪಕ್ಕದ ನಾರ್ವ ಊರಿನಲ್ಲಿ ಗಣ್ಯರೊಬ್ಬರು ನನ್ನ ಬ್ಯಾಟರಿ ಚಾರ್ಜ್ ಆಗುವ ತನಕ ಬೇವಿನ ಸಸಿಯೊಂದನ್ನು ಕೂಸಿನಂತೆ ಎತ್ತಿಕೊಂಡು ನಿಂತಿದ್ದನ್ನು ನಾನೇ ನೋಡಿದ್ದೇನೆ. ಇನ್ನು, ಸುತ್ತ ನಲವತ್ತು ಫೋನುಗಳಿದ್ದವು, ನಿಜ. ಆದರೆ ಅನುಯಾಯಿಗಳು ಫೋನಿನಲ್ಲಿ ತೆಗೆಯುವುದು ತಮ್ಮ ಮುಖವನ್ನು. ಅದರಲ್ಲಿ ನಾಯಕರು ಒಂದು ಕಿವಿಯಾಗಿ ಬರುತ್ತಾರೆ.

ನಾನು ತಲೆ ಎತ್ತಿದೆ. ಸರಪಳಿ ಬಿಗಿದೇ ಇತ್ತು.

‘ಆಯ್ತು ಸಾರ್’ ಎಂದೆ. ‘ಭಾಳ ಚೊಲೋ ಬಂದೈತಿ.’

‘ತೋರ್ಸಣ್ಣಾ’ ಎಂದ ಅನುಚರ.

‘ಬಿಸಲಾಗ ಕಾಣಂಗಿಲ್ಲ. ಗ್ರೂಪಿಗೆ ಹಾಕ್ತೀನಿ, ನೋಡ್ರಿ.’ ಹೇಳುತ್ತಲೇ ಕ್ಯಾಮೆರಾವನ್ನು ಚೀಲದೊಳಗೆ ಹಾಕಿ ಜಿಪ್ ಎಳೆದೆ. ಅವಸರಕ್ಕೆ ಜಿಪ್ಪು ಎರಡು ಕಡೆ ಸಿಕ್ಕಿಕೊಂಡಿತು.

ಆ ಮಾತಿನ ಶಕ್ತಿಯನ್ನು ನಾನು ಅಂದು ನಿಧಾನವಾಗಿ, ಒಂದೊಂದಾಗಿ ನೋಡಿದೆ. ನಾಯಕರ ಕತ್ತರಿ ತಟ್ಟೆಗೆ ಬಿತ್ತು. ಅವರ ಕಾರು ಸೇತುವೆ ದಾಟಿ ಆಚೆ ದಡ ಮುಟ್ಟಿತು. ಉಳಿದ ಕಾರುಗಳಿಗೆ ಅಷ್ಟು ಹೊತ್ತು ಕಾಣಿಸದಿದ್ದ ಜಾಗ ಈಗ ಕಾಣಿಸಿತು. ಹಿಂದೆ ಸರಿದು ಶಾಮಿಯಾನದ ಬಯಲಿಗೆ ಇಳಿದವು. ಮುದುಕಿ ಓಡಿ ಹೋಗಿ ಟ್ರಾಲಿ ಹತ್ತಿದಳು. ಟ್ರಾಕ್ಟರ್ ನನ್ನ ಪಕ್ಕದಲ್ಲೇ ಹಾದುಹೋಯಿತು. ಗಾಲಿಗೆ ರಿಬ್ಬನ್ನಿನ ತುಂಡೊಂದು ಸುತ್ತಿಕೊಂಡು ಅದರ ಜೊತೆಗೇ ತಿರುಗುತ್ತಾ ಹೋಯಿತು. ಕೌದಿಯ ಹೊರಗೆ ಒಂದು ಪಾದ ಕಾಣುತ್ತಿತ್ತು. ಬೆರಳುಗಳೆಲ್ಲ ಒಳಕ್ಕೆ ಮಡಚಿಕೊಂಡಿದ್ದವು.

ಅಣ್ಣ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ. ‘ಬಂತಲ್ಲ?’

‘ಬಂತಣ್ಣಾ.’

ಸಂಜೆ ಗ್ರೂಪಿನಲ್ಲಿ ಮೊದಲು ಒಂದು ಪ್ರಶ್ನಾರ್ಥಕ ಚಿಹ್ನೆ ಬಂತು, ಆಮೇಲೆ ನಾಲ್ಕು. ನಾನು ಕಾರ್ಡ್ ಗದ್ವಾಲದಲ್ಲಿದೆ ಎಂದು ಹಾಕಿದೆ. ಕೂಡಲೇ ಅಣ್ಣನ ಫೋನ್ ಬಂತು. ‘ಲೇ, ನಿನ್ನ ನಂಬಿ ಕ್ಯಾಮೆರಾ ಇಳಿಸಿದ್ನಲ್ಲೋ! ಹೆಂಡ್ತಿ ಮಾತು ನಂಬ್ದಾಂವಲ್ಲ ನಾ, ನಿನ್ನ ಮಾತು ನಂಬಿದ್ನಿ!’ ನಾರಾಯಣಪೇಟೆಯ ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು ಅಷ್ಟು ಬೈಯಲಿಲ್ಲ. ಫೋಟೋ ಇಲ್ಲದಿದ್ದರೆ ಸೇತುವೆಯೂ ಇಲ್ಲ ಎಂದು ಹೇಳಿ ಆ ಜಾಗಕ್ಕೆ ಜಾಹೀರಾತು ಹಾಕಿಕೊಂಡರು. ‘ಟ್ರಾಕ್ಟರ್ ನಿಲ್ಸಿದ್ರು ಅಂತ ಬರೀತೀನಿ’ ಎಂದೆ. ‘ಅದಕ್ಕ ಫೋಟೋ ಐತೇನು?’ ಎಂದರು. ಅದಕ್ಕೂ ಇರಲಿಲ್ಲ. ಅನುಚರನೂ ಫೋನ್ ಮಾಡಿ ವಿಷಯ ಕೇಳಿಕೊಂಡ. ಆಮೇಲೆ, ‘ಉದ್ಘಾಟನಿ ಇನ್ನೊಂದ್ಸಲ ಇಟ್ಕೊಳ್ಳೂಣು’ ಎಂದ. ಸಂತೋಷಪಟ್ಟವನು ಗದ್ವಾಲದ ವ್ಯಾಪಾರಿ ಒಬ್ಬನೇ. ಕಾರ್ಡು ತನ್ನ ಕಂಪ್ಯೂಟರಿನಲ್ಲೇ ಸಿಕ್ಕಿತೆಂದು ಹೇಳಿ, ಒಂದು ಹಸಿರು ಸೀರೆಯ ಚಿತ್ರವನ್ನು ನನಗೇ ಕಳಿಸಿ, ಬಣ್ಣ ಸ್ವಲ್ಪ ಮಂಕಾಗಿದೆ ಎಂದೂ ದೂರಿದ.

ಟ್ರಾಕ್ಟರಿನ ಸುದ್ದಿ ನನಗೆ ಮಾರನೆಯ ದಿನ ಬಸ್ ನಿಲ್ದಾಣದಲ್ಲಿ ಸಿಕ್ಕಿತು. ಮಕ್ತಲ್ ಇನ್ನೂ ಸ್ವಲ್ಪ ದೂರವಿರುವಾಗಲೇ, ರಸ್ತೆ ಬದಿಯ ಬೇವಿನ ಮರದ ಕೆಳಗೆ ಟ್ರಾಕ್ಟರ್ ನಿಲ್ಲಿಸಬೇಕಾಯಿತಂತೆ. ಅತ್ತೆಯೇ ಹೆರಿಗೆ ಮಾಡಿಸಿದಳಂತೆ. ಗಂಡು ಕೂಸು. ಹುಟ್ಟಿದ ಮೇಲೆ ಬಹಳ ಹೊತ್ತು ಅಳಲಿಲ್ಲವಂತೆ. ದವಾಖಾನೆಯವರು ನೋಡಿ, ತಡಮಾಡಬೇಡಿ ಎಂದು ಅಲ್ಲಿಂದಲೇ ಮಹಬೂಬನಗರದ ದೊಡ್ಡ ದವಾಖಾನೆಗೆ ಕಳಿಸಿದರಂತೆ. ಹೇಳಿದವನಿಗೆ ಅಷ್ಟೇ ಗೊತ್ತಿತ್ತು. ಬದುಕಿದೆಯೋ ಎಂದು ಕೇಳಿದೆ. ಅವನು ಗೊತ್ತಿಲ್ಲವೆಂದು ಕೈ ತಿರುಗಿಸಿದ.

‘ಎರಡು ನಿಮಿಷ’ ಎಂದು ಅಲ್ಲಿ ಎಷ್ಟು ಸಲ ಹೇಳಿದ್ದರು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನಾನು ‘ಇನ್ನೊಮ್ಮೆ’ ಎಂದದ್ದೂ ಅದರಲ್ಲಿ ಸೇರುತ್ತದೋ ಇಲ್ಲವೋ ತಿಳಿಯಲಿಲ್ಲ. ಆಗಿನ್ನೂ ಟ್ರಾಕ್ಟರ್ ಬಂದಿರಲಿಲ್ಲ. ಬಂದಿರಲಿಲ್ಲ ಎಂದೇ ನನ್ನ ನೆನಪು.

ಎರಡನೆಯ ಉದ್ಘಾಟನೆ ಮೊದಲನೆಯದಕ್ಕಿಂತ ಅಚ್ಚುಕಟ್ಟಾಗಿ ನಡೆಯಿತು. ಈ ನಡುವೆ ಸೇತುವೆಯ ಮೇಲೆ ಬೈಕು, ಕುರಿ, ಎಮ್ಮೆ ಎಲ್ಲ ಓಡಾಡಿ ಅದಕ್ಕೊಂದು ಮನೆಯ ಕಳೆ ಬಂದುಬಿಟ್ಟಿತ್ತು. ಸೆಗಣಿ ತೆಗೆಸಿ ತೊಳೆಸಿದರು. ಓಡಾಡದ ಸೇತುವೆಯಂತೆ ಕಾಣಲಿ ಎಂದು ಬೆಳಗಿನಿಂದ ಎರಡೂ ತುದಿಗೆ ಮತ್ತೆ ಮುಳ್ಳು ಒಟ್ಟಿದರು. ನಿನ್ನೆ ದಾಟಿದವರೆಲ್ಲ ಇಂದು ದಾಟಲು ಕಾದು ನಿಂತರು. ನನ್ನ ಕಾರ್ಡನ್ನು ಅಣ್ಣ ತಾನೇ ಕ್ಯಾಮೆರಾ ತೆರೆದು ನೋಡಿ ಮುಚ್ಚಿದ.

ಆ ಮುದುಕಿ ಈ ಸಲ ಮಕ್ತಲ್ ಕಡೆಯಿಂದ ಬಂದಳು. ಕಂಕುಳಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಖಾಲಿ ಟಿಫನ್ ಡಬ್ಬಿ. ಕಣ್ಣು ಕೆಂಪಾಗಿದ್ದವು. ಮುಳ್ಳಿನ ಮುಂದೆ ನಿಂತಳು.

‘ಮತ್ತ ಹಾಕಿರೇನು?’

ಅನುಚರನಿಗೆ ಅವಳನ್ನು ಕಂಡು ದೇವರನ್ನು ಕಂಡಷ್ಟು ಸಂತೋಷವಾಯಿತು. ‘ಅಮ್ಮಾ, ಬಾ ಬಾ. ಕೂಸು ಎಲ್ಲೈತಿ? ಸಾಹೇಬ್ರು ಎತ್ಕೋತಾರ. ಈ ಬ್ರಿಡ್ಜ್ ಮ್ಯಾಲ ಮೊದಲ ದಾಟಿದ ಕೂಸು ಅಂತ ಹಾಕ್ಸೂಣು.’

‘ದವಾಖಾನ್ಯಾಗ, ಗಾಜಿನ ಪೆಟ್ಟಿಗ್ಯಾಗ ಐತಿ. ನನಗ ಮುಟ್ಟಾಕ ಬಿಡವಲ್ರು. ಇನ್ನ ನಿಮ್ಮ ಸಾಹೇಬ್ರಿಗೆ ಎಲ್ಲಿ ಬಿಡ್ತಾರ?’

ಹೇಗಿದೆ ಎಂದು ಅವನು ಕೇಳುತ್ತಾನೆಂದು ನಾನು ಕಾದೆ. ಅವನು ಒಂದು ಕ್ಷಣ ಯೋಚಿಸಿದ. ನಿಜಕ್ಕೂ ಯೋಚಿಸಿದ, ಹುಬ್ಬು ಗಂಟಿಕ್ಕಿತ್ತು. ಆಮೇಲೆ ಅಲ್ಲಿ ಕಾದು ನಿಂತ ಹೆಂಗಸರ ಕಡೆ ತಿರುಗಿ ಕೇಳಿದ, ‘ಬ್ಯಾರೆ ಯಾರದರ ಸಣ್ಣ ಕೂಸು ಐತೇನ್ರೀ ಊರಾಗ?’

ಇತ್ತು. ಒಳ್ಳೆಯ ಊರಿನಲ್ಲಿ ಏನು ಬೇಕಾದರೂ ಸಿಗುತ್ತದೆ. ಇನ್ನೂ ಕುತ್ತಿಗೆ ನಿಲ್ಲದ ಒಂದು ಕೂಸನ್ನು ಹೊಸ ಟೊಪ್ಪಿಗೆ ಹಾಕಿ ತಂದರು. ಮುದುಕಿ ಆ ಫೋಟೋ ನೋಡಲು ನಿಲ್ಲಲಿಲ್ಲ. ಕೈಯಿಂದಲೇ ಮುಳ್ಳು ಎಳೆದು ಬದಿಗೆ ಹಾಕಿ, ರಿಬ್ಬನ್ನಿನ ಕೆಳಗೆ ಬಗ್ಗಿ ಊರ ಕಡೆ ನಡೆದಳು. ಯಾರೂ ತಡೆಯಲಿಲ್ಲ. ನಾಯಕರ ಕಾರು ಇನ್ನೂ ಬಂದಿರಲಿಲ್ಲ.

ನಾಯಕರು ಬಂದು ಕೂಸನ್ನು ಎರಡೂ ಕೈಯಲ್ಲಿ ಎದುರಿಗೆ ಎತ್ತಿ ಹಿಡಿದರು, ಆಟದಲ್ಲಿ ಗೆದ್ದ ಕಪ್ ಹಿಡಿದ ಹಾಗೆ. ಕೂಸಿನ ತಲೆ ಹಿಂದಕ್ಕೆ ವಾಲಿತು. ಅದರ ತಾಯಿ ಪಕ್ಕದಿಂದ ಕೈ ಚಾಚಿ ಕತ್ತಿನ ಕೆಳಗೆ ಅಂಗೈ ಇಟ್ಟಳು. ‘ಕೈ ತೆಗಿಯಮ್ಮಾ, ಫೋಟೋದಾಗ ಬರ್ತೈತಿ’ ಎಂದ ಅನುಚರ. ಅವಳು ತೆಗೆಯಲಿಲ್ಲ. ಚಿತ್ರ ಹಾಗೆಯೇ ಬಂತು: ನಾಯಕರು, ಟೊಪ್ಪಿಗೆ, ಅಂಚಿನಿಂದ ಒಳಗೆ ಬಂದ ಒಂದು ಕೈ. ಡೆಸ್ಕಿನವರು ಅಂಚನ್ನು ಕತ್ತರಿಸಿ ಕೈಯನ್ನು ತೆಗೆದರು. ಐದೂ ಪತ್ರಿಕೆಯಲ್ಲಿ ಅಚ್ಚಾಯಿತು. ನಾನು ಬರೆದು ಕಳಿಸಿದ್ದು, ‘ಕೂಸನ್ನು ಎತ್ತಿಕೊಂಡ ನಾಯಕರು’ ಎಂದು. ಯಾವ ಕೂಸು ಎಂಬುದನ್ನು ಡೆಸ್ಕಿನವರೇ ಅನುಚರನನ್ನು ಕೇಳಿ, ‘ಸೇತುವೆ ಮೊದಲು ದಾಟಿದ ಕೂಸು’ ಎಂದು ಸೇರಿಸಿಕೊಂಡರು. ಸೇತುವೆಯಿಂದಾಗಿ ಸುಖ ಹೆರಿಗೆ ಆಯಿತೆಂದು ಇಡೀ ಜಿಲ್ಲೆ ಓದಿತು.

ಗಾಜಿನ ಪೆಟ್ಟಿಗೆಯ ಕೂಸಿನ ಸುದ್ದಿ ಎಲ್ಲೂ ಬರಲಿಲ್ಲ. ಮಾಗನೂರು ಬಸ್ಸಿನಿಂದ ಇಳಿದವರನ್ನು ಕೆಲವು ದಿನ ಕೇಳಿದೆ. ಒಬ್ಬ ಇದೆ ಎಂದ, ಒಬ್ಬ ಹೋಯಿತಂತಲ್ಲ ಎಂದ. ಆಮೇಲೆ ಕೇಳುವುದಕ್ಕೆ ಹೆದರಿಕೆಯಾಗಿ ಬಿಟ್ಟೆ. ಸ್ಟುಡಿಯೋದಲ್ಲಿ ಜನರನ್ನು ನೀಲಿ ಪರದೆಯ ಮುಂದೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಎಂದು ಹೇಳುತ್ತಾ ಇದ್ದೆ. ಪ್ರತಿ ಸಲ ಒತ್ತುವ ಮೊದಲು ಕಾರ್ಡ್ ಇದೆಯೇ ಎಂದು ಬಾಗಿಲು ತೆರೆದು ನೋಡುವ ಚಟ ಅಂಟಿಕೊಂಡಿತು.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಗಲ್ಲಿಯ ಬಾಯಲ್ಲಿ ಆಟೋ ನಿಂತಿತು. ಆಟೋದೊಳಗೆ ಕಿವಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಬಾಣಂತಿ. ಮುಖ ಗುರುತಾಗಲಿಲ್ಲ, ಹಸಿರು ಬಳೆಗಳು ಗುರುತಾದವು. ಮುದುಕಿ ಮಾತ್ರ ಇಳಿದು, ಎದೆಗೆ ಒಂದು ಗಂಟನ್ನು ಅವುಚಿಕೊಂಡು ಒಳಗೆ ಬಂದಳು. ನಾನು ಅಭ್ಯಾಸಬಲದಿಂದ ಕ್ಯಾಮೆರಾಕ್ಕೆ ಕೈ ಹಾಕಿದೆ.

‘ಏ, ಅದನ್ನ ಕೆಳಗಿಡು. ಫೋಟೋ ಗೀಟೋ ಬ್ಯಾಡ. ದೃಷ್ಟಿ ಆಕ್ಕತಿ.’

ಕೆಳಗಿಟ್ಟೆ.

‘ಅವತ್ತು ನಿನ್ನ ಡಬ್ಬ್ಯಾಗ ಏನೂ ಇರ್ಲಿಲ್ಲಂತಲ್ಲ?’

‘ಇರ್ಲಿಲ್ಲವ್ವಾ.’

‘ಮತ್ತ ಆಯ್ತು ಅಂದಿ?’

‘ಅಂದೆ.’

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಒಂದ್ ಅರ್ಧಾ ತಾಸು ಮದ್ಲ ಅನ್ನಾಕ ಏನಾಗಿತ್ತೋ ನಿನಗ?’

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ಗಂಟು ಬಿಚ್ಚಿದಳು. ಕೆನ್ನೆಗೆ ದೊಡ್ಡ ಕಪ್ಪು ಬೊಟ್ಟು ಇಟ್ಟಿದ್ದ, ಮುಷ್ಟಿಯಷ್ಟು ಮುಖದ ಕೂಸು. ವಯಸ್ಸಿಗೆ ಬಹಳ ಸಣ್ಣದು. ಉಸಿರು ಆಡಿದಾಗಲೆಲ್ಲ ಹೊಟ್ಟೆ ಏರಿ ಇಳಿಯುತ್ತಿತ್ತು. ನಾನು ಅದು ಏರುವುದನ್ನು ನೋಡಿ, ಇಳಿಯುವುದನ್ನು ನೋಡಿ, ಮತ್ತೆ ಏರುವ ತನಕ ನೋಡಿದೆ.

‘ಹಿಡಿ’ ಎಂದು ಅವಳು ಅದನ್ನು ನನ್ನ ಕೈಗೆ ಹಾಕಿದಳು. ನಾನು ಎರಡೂ ಕೈಯಲ್ಲಿ ಎದುರಿಗೆ ಹಿಡಿದೆ. ಇಷ್ಟು ವರ್ಷ ಲೆನ್ಸಿನಲ್ಲಿ ನೋಡಿ ಕಲಿತದ್ದು ಅದೊಂದೇ ರೀತಿ. ತಲೆ ಹಿಂದಕ್ಕೆ ವಾಲಿತು.

‘ಕುತ್ತಿಗಿ ಹಿಡಿಯೋ, ಕುತ್ತಿಗಿ!’ ಎಂದು ಮುದುಕಿ ಗದರಿದಳು.